ಸೌಂಡ್ ಸಾಹೇಬರ ಒಂಟಿ ಸ್ಪೀಕರು

ಯಾವ ಮನೆಗೆ ಹೋದರೂ ಹೊಸ್ತಿಲು ದಾಟಿದ ಕೂಡಲೇ ಒಂದು ಚಪ್ಪಾಳೆ ತಟ್ಟುವುದು ಸಾಹೇಬರ ಚಾಳಿಯಾಗಿತ್ತು. ಒಂದೇ ಒಂದು. ತಟ್ಟಿ, ತಲೆಯನ್ನು ಸ್ವಲ್ಪ ಓರೆ ಮಾಡಿ, ಆ ಸದ್ದು ಗೋಡೆಗೆ ಬಡಿದು ಬಂದು ಅಡಗುವ ತನಕ ನಿಂತಲ್ಲೇ ನಿಂತಿರುತ್ತಿದ್ದರು. ಗೊತ್ತಿಲ್ಲದವರು ಇವರು ಕೆಲಸದವಳನ್ನು ಕರೆಯುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಇನ್ನು ಕೆಲವರು ಸೊಳ್ಳೆ ಹೊಡೆದರು ಅಂದುಕೊಳ್ಳುತ್ತಿದ್ದರು. ಅವರಿಗೆ ಮಾತ್ರ ಆ ಒಂದು ಚಪ್ಪಾಳೆಯಲ್ಲಿ ಕೋಣೆಯ ಜಾತಕವೇ ತಿಳಿಯುತ್ತಿತ್ತು. "ಈ ಕೋಣೆಗೆ ಬಾಯಿ ಜಾಸ್ತಿ, ಪರದೆ ಹಾಕಿಸಿ" ಎಂದೋ, "ಇದು ಮಾತು ನುಂಗೋ ಕೋಣೆ, ಇಷ್ಟು ಸೋಫಾ ಯಾಕೆ ತುಂಬಿದ್ದೀರಿ?" ಎಂದೋ ತೀರ್ಪು ಕೊಟ್ಟ ಮೇಲೇ ಕೂರುತ್ತಿದ್ದರು. ಸಾವಿನ ಮನೆಗೆ ಹೋಗುವಾಗ ಮಾತ್ರ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಒಳಗೆ ಹೋಗುತ್ತಿದ್ದರು. ಕೈಯ ಮೇಲೆ ಅವರಿಗೆ ಅಷ್ಟು ಅಪನಂಬಿಕೆ.

ಈ ಚಾಳಿ ಮದುವೆಯನ್ನೂ ಮಾಡಿಸಿತು ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು. ಮೈಸೂರಿನಲ್ಲಿ ಹೆಣ್ಣು ನೋಡಲು ಹೋಗಿದ್ದರಂತೆ. ಹಳೆಯ ಕಾಲದ ಮನೆ, ಎತ್ತರದ ಹಜಾರ, ಮರದ ಕಂಬ. ಹುಡುಗಿ ಕಾಫಿ ತಟ್ಟೆ ಹಿಡಿದು ಬಂದಾಗ ಇವರು ಕಂಬ ನೋಡುತ್ತಾ ಬಾಗಿಲ ಬಳಿ ನಿಂತಿದ್ದವರು ತಡೆಯಲಾರದೆ ಚಪ್ಪಾಳೆ ತಟ್ಟಿಬಿಟ್ಟರು. ಎಲ್ಲರೂ ಗಾಬರಿಯಾದರು. ಇವರು, "ಹಜಾರ ಚೆನ್ನಾಗಿದೆ" ಅಂದರು. ಹುಡುಗಿಯ ತಂದೆ ಅದನ್ನೇ ಒಪ್ಪಿಗೆ ಎಂದು ತಿಳಿದು ಒಳಗಿನಿಂದ ಸಕ್ಕರೆ ತರಿಸಿ ಹಂಚಿಯೇಬಿಟ್ಟರು. "ಬಾಯಿಗೆ ಸಕ್ಕರೆ ಬಿದ್ದ ಮೇಲೆ ಇಲ್ಲ ಅನ್ನೋಕಾಗುತ್ತೇನ್ರೀ?" ಎನ್ನುತ್ತಿದ್ದರು. ಈ ಕಥೆ ನಾನು ಹತ್ತಾರು ಸಲ ಕೇಳಿದ್ದೇನೆ, ಪ್ರತಿ ಸಲವೂ ನಕ್ಕಿದ್ದೇನೆ. ಅದು ಅರ್ಧ ಕಥೆ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಮುಂಬಯಿಯ ಸಯನ್ನಿನಲ್ಲಿ ನಮ್ಮದು ಒಂದೇ ಬಿಲ್ಡಿಂಗು, ಒಂದೇ ಮಹಡಿ, ಎದುರುಬದುರು ಬಾಗಿಲು. ನಾನು ಬ್ಯಾಂಕಿನವನು. ಅವರು ಘಾಟ್ಕೋಪರಿನಲ್ಲಿ ಸ್ಪೀಕರ್ ತಯಾರಿಸುವ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಎಂಜಿನಿಯರ್. ಬಿಲ್ಡಿಂಗಿನ ಜನ ಅವರನ್ನು ಸೌಂಡ್ ಸಾಹೇಬ್ ಎಂದು ಕರೆಯುತ್ತಿದ್ದರು. ಅವರಿಗೆ ಅದು ಇಷ್ಟವೇ ಆಗಿತ್ತು. ವಿನಯ ಅವರ ಗುಣವಲ್ಲ. ಗಣಪತಿ ಹಬ್ಬದಲ್ಲಿ ಪೆಂಡಾಲಿನ ಮೈಕು ಕಿರುಚಿದರೆ ಮೂರನೆಯ ಮಹಡಿಯ ಗ್ಯಾಲರಿಯಿಂದಲೇ "ಸ್ಪೀಕರ್ ಆಗೇ ಕರ್, ಮುಂದೆ ಸರಿಸು!" ಎಂದು ತಾವು ಅದಕ್ಕಿಂತ ಜೋರಾಗಿ ಕಿರುಚುತ್ತಿದ್ದರು.

ಎಂಬತ್ತರ ದಶಕದಲ್ಲಿ ಮುಂಬಯಿಯ ಉಳ್ಳವರ ಮನೆಗಳಿಗೆ ದುಬೈಯಿಂದ, ಸಿಂಗಾಪುರದಿಂದ ದೊಡ್ಡ ದೊಡ್ಡ ಸ್ಟೀರಿಯೋ ಸೆಟ್ಟುಗಳು ಬರತೊಡಗಿದವು. ಮೊದಲು ಎರಡು ಸ್ಪೀಕರಿನವು, ಆಮೇಲೆ ವಿಸಿಆರಿಗೆ ಜೋಡಿಸಿ ಮುಂದೆ ಮೂರು, ಬೆನ್ನ ಹಿಂದೆ ಎರಡು ಇಡುವಂಥವು. ಮನೆಯಲ್ಲೇ ಟಾಕೀಸು. ಸೆಟ್ಟು ತಂದವರಿಗೆ ಅದನ್ನು ಎಲ್ಲಿಡಬೇಕು, ಯಾವುದನ್ನು ಎಷ್ಟು ತಿರುಗಿಸಬೇಕು ಎಂಬುದು ಗೊತ್ತಿರುತ್ತಿರಲಿಲ್ಲ. ಭಾನುವಾರಗಳಲ್ಲಿ ಅಂಥ ಮನೆಗಳಿಗೆ ಹೋಗಿ ಹೊಂದಿಸಿಕೊಡುವುದು ಸಾಹೇಬರ ಹವ್ಯಾಸವಾಯಿತು. ಸ್ಪೀಕರುಗಳನ್ನು ಎತ್ತಿ ಸರಿಸಲು ಅವರಿಗೊಬ್ಬ ಜೊತೆ ಬೇಕಿತ್ತು, ನನಗೆ ಭಾನುವಾರ ಬೇರೆಯವರ ಮನೆಯ ತಿಂಡಿ ಬೇಕಿತ್ತು. ಹೀಗೆ ನಮ್ಮ ಸ್ನೇಹ ಗಟ್ಟಿಯಾಯಿತು.

ಅವರ ಸರಂಜಾಮು ಬಹಳ ಇರಲಿಲ್ಲ. ಒಂದು ಅಳತೆ ಟೇಪು, ಒಂದು ಕ್ಯಾಸೆಟ್ಟು, ಮೆತ್ತನೆಯ ಬಟ್ಟೆ ಹಾಸಿದ ಮರದ ಪೆಟ್ಟಿಗೆಯಲ್ಲಿ ಒಂದು ಸೌಂಡ್ ಮೀಟರು. ಮೀಟರಿನ ಮೂತಿಯಲ್ಲಿ ಮೈಕು, ಹೊಟ್ಟೆಯ ಮೇಲೆ ನಡುಗುವ ಮುಳ್ಳು. ಕ್ಯಾಸೆಟ್ಟಿನಲ್ಲಿ ಹಾಡಿಲ್ಲ, ಮಾತಿಲ್ಲ, ಬರೀ 'ಸೊಂಯ್' ಎನ್ನುವ ಸದ್ದು. ಅದನ್ನು ಒಂದೊಂದೇ ಸ್ಪೀಕರಿನಲ್ಲಿ ಹಾಕಿ, ಜನ ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಮೀಟರು ಹಿಡಿಯುವುದು. ಐದೂ ಸ್ಪೀಕರುಗಳಿಗೆ ಮುಳ್ಳು ಒಂದೇ ಗೆರೆಯ ಮೇಲೆ ನಿಲ್ಲುವ ತನಕ ತಿರುಗಿಸುತ್ತಾ, ಸರಿಸುತ್ತಾ ಇರುವುದು. ಇಷ್ಟೇ ಕೆಲಸ. ಆದರೆ ಅವರು ಮಾಡುವಾಗ ಪೂಜೆಗೆ ಕೂತ ಹಾಗೆ ಯಾರೂ ಮಾತಾಡಕೂಡದು, ಫ್ಯಾನು ತಿರುಗಕೂಡದು, ಕುಕ್ಕರು ಕೂಗಕೂಡದು.

"ನಿಮ್ಮ ಕಿವಿಯಲ್ಲೇ ಗೊತ್ತಾಗಲ್ವಾ? ಇದೆಲ್ಲ ಯಾಕೆ?" ಎಂದು ಒಮ್ಮೆ ಕೇಳಿದೆ.

"ಕಿವಿ ಅನ್ನೋದು ನೆಂಟರ ಹಾಗೆ ಕಣ್ರೀ. ತನಗೆ ಬೇಕಾದ್ದನ್ನ ಮಾತ್ರ ಕೇಳಿಸಿಕೊಳ್ಳುತ್ತೆ. ಮೀಟರಿಗೆ ದಾಕ್ಷಿಣ್ಯ ಇಲ್ಲ."

ಬಾಂದ್ರಾದ ಒಂದು ಮನೆಯಲ್ಲಿ ದಪ್ಪ ಸದ್ದು ಹಾಕಿದಾಗಲೆಲ್ಲ ಎಲ್ಲಿಂದಲೋ ಕಿಣಿಕಿಣಿ ಎನ್ನುತ್ತಿತ್ತು. ಮನೆಯ ಯಜಮಾನ ಸ್ಪೀಕರು ಕೊಟ್ಟವನಿಗೆ ಬೈಯತೊಡಗಿದ. ಸಾಹೇಬರು ಬೆಕ್ಕಿನ ಹೆಜ್ಜೆಯಲ್ಲಿ ಮನೆಯೆಲ್ಲ ಸುತ್ತಿ ಕೊನೆಗೆ ದೇವರ ಗೂಡಿನ ಮುಂದೆ ನಿಂತರು. ಗಂಗಾಜಲದ ತಂಬಿಗೆಯ ಮುಚ್ಚಳ ಕುಣಿಯುತ್ತಿತ್ತು. ಆ ಮನೆಯ ಅಜ್ಜಿ ದೇವರು ಅಪ್ಪಣೆ ಕೊಟ್ಟ ಎಂದು ಕೈಮುಗಿದೇಬಿಟ್ಟರು. ಸಾಹೇಬರು ಅಜ್ಜಿಯ ನಂಬಿಕೆಗೆ ಭಂಗ ತರಲಿಲ್ಲ. ತಾವೂ ಕೈಮುಗಿದು, ಮುಚ್ಚಳದ ಕೆಳಗೆ ಒಂದು ಚೂರು ಮಡಿಬಟ್ಟೆಯನ್ನು ಅಜ್ಜಿಯ ಕೈಯಿಂದಲೇ ಇಡಿಸಿದರು.

ಮೀಟರಿನ ಮೈಕು ಇಡುವ ಮೊದಲು ಅವರದೊಂದು ಕಟ್ಟಳೆ ಇತ್ತು. "ದಿನಾ ಹೇಗೆ ಕೂತು ನೋಡ್ತೀರೋ ಹಾಗೇ ಎಲ್ಲರೂ ಕೂತ್ಕೊಳ್ಳಿ" ಎಂದು ಮನೆಮಂದಿಯನ್ನೆಲ್ಲ ಕೂರಿಸುತ್ತಿದ್ದರು. ಇದರ ಅರ್ಥ ನನಗಾದದ್ದು ಘಾಟ್ಕೋಪರಿನ ಶೆಟ್ಟರ ಮನೆಯಲ್ಲಿ. ಶೆಟ್ಟರು ಉಡುಪಿ ಕಡೆಯವರು, ಎರಡು ಹೋಟೆಲಿನ ಧಣಿ. ಐದು ಸ್ಪೀಕರಿನ ಸೆಟ್ಟನ್ನು ಆಸೆಪಟ್ಟು ತರಿಸಿದ್ದರು. ಕ್ಯಾಸೆಟ್ಟು ಹಾಕಿದಾಗ ಸೊಂಯ್ ಸದ್ದು ಕೇಳಿ, "ಎಂತ ಮಾರಾಯ್ರೆ, ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಉಂಟಲ್ಲ. ಇದಕ್ಕೆ ಇಷ್ಟು ದೂರದಿಂದ ಸೆಟ್ಟು ತರಿಸಬೇಕಿತ್ತಾ, ನಮ್ಮ ಹೋಟೆಲಿನಲ್ಲೇ ಸಿಗ್ತಿತ್ತು" ಎಂದು ನಕ್ಕರು.

ಶೆಟ್ಟರು ಸೋಫಾದ ನಡುವೆ, ಮಕ್ಕಳು ಅಕ್ಕಪಕ್ಕ ಕೂತರು. ಅವರ ಹೆಂಡತಿ ಅಡುಗೆಮನೆಯ ಬಾಗಿಲ ಪಟ್ಟಿಗೆ ಕೈಯೂರಿ ನಿಂತಿದ್ದರು. ಸಾಹೇಬರು ಸೋಫಾದ ಬಳಿ ಅಳೆದಾದ ಮೇಲೆ ನೇರ ಆ ಬಾಗಿಲಿಗೆ ಹೋಗಿ, ನಿಂತವರ ಕಿವಿಯ ಎತ್ತರಕ್ಕೆ ಮೀಟರು ಹಿಡಿದರು.

"ಅವಳು ನೋಡುವುದಿಲ್ಲ ಮಾರಾಯ್ರೆ. ಸುಮ್ಮನೆ ಒಂದು ಗಳಿಗೆ ನಿಲ್ಲುವುದು ಅಷ್ಟೆ" ಎಂದರು ಶೆಟ್ಟರು.

"ಬಾಗಿಲ ಪಟ್ಟಿ ನೋಡಿ ಶೆಟ್ಟರೆ. ಕೈ ಇಡೋ ಜಾಗದಲ್ಲಿ ಮಾತ್ರ ಬಣ್ಣ ಸವೆದಿದೆ. ಒಂದು ಗಳಿಗೆ ನಿಂತರೆ ಹಾಗಾಗಲ್ಲ."

ಶೆಟ್ಟರು ಎದ್ದು ಬಂದು ಆ ಪಟ್ಟಿಯನ್ನು ಬಹಳ ಹೊತ್ತು ನೋಡಿದರು. ಆ ದಿನ ಒಂದು ಸ್ಪೀಕರು ಅಡುಗೆಮನೆಯ ಕಡೆ ಮುಖ ತಿರುಗಿಸಿತು. ಮುಂದಿನ ವಾರ ಆ ಬಾಗಿಲ ಬಳಿ ಒಂದು ಕುರ್ಚಿಯೂ ಬಂತು ಎಂದು ಕೇಳಿದೆ. ಅಂದಿನಿಂದ ಶೆಟ್ಟರಿಗೆ ನಮ್ಮ ಸಾಹೇಬರೆಂದರೆ ಪಂಚಪ್ರಾಣ.

ಇಷ್ಟೆಲ್ಲ ಊರಿಗೆ ಉಪಕಾರ ಮಾಡಿದ ಮನುಷ್ಯನ ಮನೆಯಲ್ಲಿ ಏನಿತ್ತು ಎಂದರೆ, ಒಂದು ಸ್ಪೀಕರು. ಒಂದೇ. ಅದಕ್ಕೆ ಜೋಡಿಸಿದ ಹಳೆಯ ರೇಡಿಯೋ, ಒಂದು ಟೇಪ್ ರೆಕಾರ್ಡರು. ಎರಡು ಮಂಚ ಹಾಕಿದರೆ ತುಂಬುವ ಮುಂದಿನ ಕೋಣೆಯನ್ನು ಗಂಡಹೆಂಡತಿ ಇಬ್ಬರೂ ಗತ್ತಿನಿಂದ 'ನಮ್ಮ ಹಜಾರ' ಎನ್ನುತ್ತಿದ್ದರು. ಆ ಹಜಾರದಲ್ಲಿ ಎರಡು ಬೆತ್ತದ ಕುರ್ಚಿ, ಬಲಗಡೆ ಗೋಡೆಗೆ ಆ ಒಂಟಿ ಸ್ಪೀಕರು. ಸಂಜೆ ಅಲ್ಲಿ ಕೂತು ಇಬ್ಬರೂ ಸಂಗೀತ ಕೇಳುತ್ತಿದ್ದರು. ಮಕ್ಕಳಿರಲಿಲ್ಲ. "ಚಮ್ಮಾರನ ಕಾಲಿಗೆ ಚಪ್ಪಲಿ ಇಲ್ಲ" ಎಂದು ಬಿಲ್ಡಿಂಗಿನವರೆಲ್ಲ ಹಾಸ್ಯ ಮಾಡುತ್ತಿದ್ದರು. ನಾನೂ ಮಾಡಿದ್ದೇನೆ. "ಇಬ್ಬರಿಗೆ ಒಂದು ಸಾಕು" ಎಂದುಬಿಡುತ್ತಿದ್ದರು ಸಾಹೇಬರು.

ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ತೆಳ್ಳಗಿನ, ಚುರುಕಿನ ಹೆಂಗಸು. ಆಕೆಯ ಕೈಯ ಬಿಸಿಬೇಳೆಭಾತಿಗೆ ನಾನು ಋಣಿ. ಆದರೆ ಹೆಂಗಸರ ಕೂಟದಲ್ಲಿ ಆಕೆಗೆ ಜಂಬದವರು ಎಂಬ ಹೆಸರಿತ್ತು. ಮೆಟ್ಟಿಲಲ್ಲಿ ಕರೆದರೆ ತಿರುಗಿ ನೋಡದೆ ಹೋಗುತ್ತಾರೆ, ಅರಿಸಿನ ಕುಂಕುಮಕ್ಕೆ ಹೋದಲ್ಲಿ ಪಕ್ಕದವರು ಮಾತಾಡಿಸಿದರೂ ಉತ್ತರವಿಲ್ಲ ಎಂದು ನನ್ನ ಹೆಂಡತಿಯೇ ಸಿಡುಕುತ್ತಿದ್ದಳು. ಇನ್ನೊಂದು ವಿಚಿತ್ರವನ್ನು ನಾನೇ ಗಮನಿಸಿದ್ದೆ. ದಂಪತಿ ರಸ್ತೆಯಲ್ಲಿ ಹೋಗುವಾಗ ಸಾಹೇಬರು ಯಾವಾಗಲೂ ಹೆಂಡತಿಯ ಬಲಕ್ಕೆ ಇರುತ್ತಿದ್ದರು. ಮಾರ್ಕೆಟ್ಟಿನ ನೂಕುನುಗ್ಗಲಿನಲ್ಲಿ ಎಡಕ್ಕೆ ಬಿದ್ದರೆ ಕೈಚೀಲ ಬದಲಾಯಿಸಿ, ಹಿಂದಿನಿಂದ ಸುತ್ತಿ ಓಡಿ ಬಂದು ಮತ್ತೆ ಬಲಕ್ಕೆ ಸೇರಿಕೊಳ್ಳುತ್ತಿದ್ದರು. ಮೈಸೂರಿನ ಕಡೆಯ ಯಾವುದೋ ಶಾಸ್ತ್ರವಿರಬೇಕು ಎಂದು ಸುಮ್ಮನಾಗಿದ್ದೆ.

ತೊಂಬತ್ತರ ಆಸುಪಾಸಿನಲ್ಲಿ ಅವರ ಕಂಪನಿ ಬಾಗಿಲು ಹಾಕಿತು. ಐವತ್ತು ದಾಟಿದ ಎಂಜಿನಿಯರನ್ನು ಯಾರು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ? ಅರ್ಜಿ ಹಾಕಿದಲ್ಲೆಲ್ಲ ಹುಡುಗರು ಬೇಕು ಎಂದರು. ಸಾಹೇಬರ ದನಿ ಮೊದಲ ಬಾರಿ ತಗ್ಗಿತು. ಆಗ ಶೆಟ್ಟರು ಆಸರೆಗೆ ಬಂದರು. ಬಾಂದ್ರಾದಲ್ಲಿ ಈ ಸೆಟ್ಟುಗಳ ಒಂದು ಅಂಗಡಿ ತೆರೆಯುವುದು, ಬಂಡವಾಳ ಶೆಟ್ಟರದು, ಕೆಲಸ ಸಾಹೇಬರದು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಶೆಟ್ಟರದೊಂದು ಷರತ್ತಿತ್ತು. ಅಂಗಡಿಯ ಜಾಗ ಸಿದ್ಧವಾಗುವ ತನಕ ಗಿರಾಕಿಗಳಿಗೆ ಸಾಹೇಬರ ಮನೆಯಲ್ಲೇ ಸೆಟ್ಟು ಹಾಕಿ ತೋರಿಸಬೇಕು, ಆಮೇಲೂ ಅದು ಅಲ್ಲೇ ಇರಬೇಕು.

"ಹೋಟೆಲಿನವ ತನ್ನ ಹೋಟೆಲಿನ ಊಟ ತಾನೇ ಮಾಡದಿದ್ರೆ ಗಿರಾಕಿ ಬರ್ತಾನಾ ಹೇಳಿ. ನಿಮ್ಮ ಮನೆಯಲ್ಲಿ ಒಂದು ಡಬ್ಬ ಇಟ್ಟುಕೊಂಡು ಊರಿಗೆ ಐದು ಮಾರಿದ್ರೆ ಜನ ಎಂತ ಹೇಳ್ಬೇಕು?"

"ಅದೊಂದು ಬಿಟ್ಟು ಬೇರೆ ಏನಾದರೂ ಹೇಳಿ ಶೆಟ್ಟರೆ."

"ಯಾಕೆ? ಕಾರಣ ಹೇಳಿ."

ಸಾಹೇಬರು ಕಾರಣ ಹೇಳಲಿಲ್ಲ. ಶೆಟ್ಟರಿಗೆ ಅವಮಾನವಾಯಿತು. ತಮ್ಮ ಮಾಲಿನ ಮೇಲೆ ಇವರಿಗೇ ನಂಬಿಕೆಯಿಲ್ಲ ಎಂದು ಅವರು ತಿಳಿದರು. ಭಾನುವಾರ ಸೆಟ್ಟು ಕಳಿಸುತ್ತೇನೆ, ಹಾಕಿಕೊಂಡರೆ ಅಂಗಡಿ ಉಂಟು, ವಾಪಸ್ ಬಂದರೆ ಇಲ್ಲ ಎಂದು ಹೇಳಿ ಎದ್ದುಹೋದರು.

ಶೆಟ್ಟರ ಹೋಟೆಲಿನಿಂದ ಮರಳುವ ದಾರಿಯಲ್ಲಿ ನಾನು ಸಾಹೇಬರಿಗೆ ಚೆನ್ನಾಗಿ ಬೈದೆ. ಕೂಳಿಗೆ ದಾರಿ ಇಲ್ಲದಾಗ ಈ ಹಟ ಯಾಕೆ ಎಂದೆ. ಲೋಕಲ್ ರೈಲು ಬಂತು, ಇಬ್ಬರೂ ಹತ್ತಿದೆವು. ಆಮೇಲೆ, "ಕಾರಣ ನನ್ನದಾಗಿದ್ದರೆ ಹೇಳಿಬಿಡ್ತಿದ್ದೆ ಕಣ್ರೀ. ಮನೇಲಿ ಈ ವಿಷಯ ಎತ್ತಬೇಡಿ" ಎಂದರು. ನನಗೆ ತಲೆಬುಡ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಟೆಂಪೋ ಬಂತು. ಹಿಂದೆಯೇ ಶೆಟ್ಟರೂ ಬಂದರು. ಹೋಟೆಲಿನ ಆಳುಗಳು ರಟ್ಟಿನ ಪೆಟ್ಟಿಗೆಗಳನ್ನು ಮೇಲಕ್ಕೆ ತಂದು ಹಜಾರದಲ್ಲಿ ಪೇರಿಸಿದರು. ಬಿಲ್ಡಿಂಗಿನ ಅರ್ಧ ಜನ ನಮ್ಮ ಮಹಡಿಯಲ್ಲಿ ನೆರೆದಿದ್ದರು, ನನ್ನ ಹೆಂಡತಿಯೂ ಇದ್ದಳು. ಶೆಟ್ಟರು ಬೆತ್ತದ ಕುರ್ಚಿಯಲ್ಲಿ ಕೂತು, "ಬಿಚ್ಚುವುದಾ?" ಎಂದರು. ಸಾಹೇಬರು ಗೋಡೆಗೆ ಒರಗಿ ನಿಂತಿದ್ದರು. ಕೈಗಳು ಪ್ಯಾಂಟಿನ ಜೇಬಿನಲ್ಲಿದ್ದವು. ಸಾವಿನ ಮನೆಯಲ್ಲಲ್ಲದೆ ಅವರನ್ನು ಹಾಗೆ ನಾನು ಕಂಡಿರಲಿಲ್ಲ.

"ಬೇಡ ಶೆಟ್ಟರೆ. ಒಯ್ದುಬಿಡಿ."

"ಅಂದ್ರೆ ಅಂಗಡಿಯೂ ಬೇಡವಾ?"

"ಬೇಕಿತ್ತು. ಆದರೆ ಹೀಗಲ್ಲ."

ಅಷ್ಟರಲ್ಲಿ ಕಾಫಿ ತಟ್ಟೆ ಹಿಡಿದು ಅತ್ತಿಗೆ ಬಂದರು. ಪೆಟ್ಟಿಗೆಗಳನ್ನು ನೋಡಿದರು, ಗಂಡನ ಮುಖ ನೋಡಿದರು. "ಏನಿದು?" ಎಂದು ಕೇಳಿದಾಗ ಶೆಟ್ಟರೇ ಎಲ್ಲ ಹೇಳಿದರು, ಸಿಟ್ಟು ಬೆರೆಸಿಯೇ ಹೇಳಿದರು. ಆಕೆ ಅವರ ಕಡೆ ಮುಖವನ್ನು ಪೂರ್ತಿ ತಿರುಗಿಸಿ ಕೇಳಿಸಿಕೊಂಡರು. ತಟ್ಟೆಯನ್ನು ಕೆಳಗಿಟ್ಟರು.

"ಇವರು ಹೇಳೋದಿಲ್ಲ, ನಾನೇ ಹೇಳ್ತೀನಿ. ನನಗೆ ಎಡಗಿವಿ ಕೇಳಿಸೋಲ್ಲ ಶೆಟ್ಟರೆ. ಚಿಕ್ಕವಳಿದ್ದಾಗ ಜ್ವರ ಬಂದು ಹೋದದ್ದು. ಒಂದೇ ಕಿವಿ ಇದ್ದೋರಿಗೆ ಸದ್ದು ಯಾವ ಕಡೆಯಿಂದ ಬಂತು ಅಂತ ಗೊತ್ತಾಗೋಲ್ಲ. ನೀವು ಎರಡಿಡಿ, ಐದಿಡಿ, ನನಗೆ ಎಲ್ಲ ಒಂದೇ. ಒಂದು ಸ್ಪೀಕರು ಇದ್ದರೆ ನನಗೆ ಕೇಳಿಸಿದ ಹಾಗೇ ಇವರಿಗೂ ಕೇಳಿಸುತ್ತೆ. ಅದಕ್ಕೇ ಇವರು ಇನ್ನೊಂದು ತರಲಿಲ್ಲ."

ಮೆಟ್ಟಿಲಲ್ಲಿ ಕರೆದರೆ ತಿರುಗಿ ನೋಡದವರ ಜಂಬ ಏನೆಂದು ಆಗ ಬಾಗಿಲಲ್ಲಿ ನೆರೆದವರಿಗೆಲ್ಲ ತಿಳಿಯಿತು. ನನ್ನ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಅತ್ತಿಗೆ ಗಂಡನ ಕಡೆ ತಿರುಗಿ, "ಇಡಿ. ಹೊಟ್ಟೆಪಾಡಿನ ವಿಷಯ. ಬಂದವರು ಕೇಳಿಕೊಂಡು ಹೋಗಲಿ, ನಾನು ಒಳಗಿರ್ತೀನಿ" ಎಂದರು.

"ಮೈಕು ಎಲ್ಲಿಡಲಿ?" ಎಂದರು ಸಾಹೇಬರು. "ಶೆಟ್ಟರೆ, ನೀವೇ ಹೇಳಿ. ಮನೇಲಿ ಯಾರು ಎಲ್ಲಿ ಕೂರ್ತಾರೋ ಅಲ್ಲಿ ಅಳೀಬೇಕು. ಈ ಹಜಾರದಲ್ಲಿ ಕೂರೋದು ಇವಳು. ಇವಳನ್ನ ಒಳಗೆ ಕಳಿಸಿ ಯಾರ ಕಿವಿಗೆ ಹೊಂದಿಸಲಿ?"

ಶೆಟ್ಟರು ತಲೆ ತಗ್ಗಿಸಿದರು. ತಮ್ಮ ಮನೆಯ ಆ ಬಾಗಿಲ ಪಟ್ಟಿ ಅವರ ಕಣ್ಣ ಮುಂದೆ ಬಂದಿರಬೇಕು. ಆಮೇಲೆ ಎದ್ದರು. ಅವರು ಕೂತಿದ್ದದ್ದು ಅತ್ತಿಗೆಯ ಎಡಕ್ಕೆ. ಹಿಂದಿನಿಂದ ಸುತ್ತಿ ಬಂದು ಬಲಗಡೆಯ ಕುರ್ಚಿಯಲ್ಲಿ ಕೂತರು.

"ಈಗ ಕೇಳ್ತದಾ ಅಮ್ಮ? ಕಾಫಿ ಕೊಡಿ. ಆರಿ ಹೋಗ್ತದೆ" ಎಂದರು. ಆಳುಗಳಿಗೆ, "ಪೆಟ್ಟಿಗೆ ಎತ್ತಿ. ಅಂಗಡಿಯ ಜಾಗದಲ್ಲೇ ಒಂದು ರೂಮು ಮಾಡುವ, ಗಿರಾಕಿ ಅಲ್ಲಿಗೇ ಬರಲಿ" ಎಂದು ಅಪ್ಪಣೆಯಾಯಿತು.

ಆ ಕಾಫಿಯ ನಡುವೆಯೇ ಅತ್ತಿಗೆ ಆ ಹಳೆಯ ಕಥೆಯ ಉಳಿದರ್ಧ ಹೇಳಿದರು. ಮೈಸೂರಿನ ಹಜಾರದಲ್ಲಿ ಇವರು ಚಪ್ಪಾಳೆ ತಟ್ಟಿದ್ದು ಆಕೆಯ ಎಡಕ್ಕೆ. ಎಲ್ಲರೂ ಇವರ ಕಡೆ ನೋಡಿದರೆ ಆಕೆ ಒಬ್ಬರು ಬಲಗಡೆಯ ಕಿಟಕಿ ನೋಡಿದರಂತೆ. ಮಗಳ ಕಿವಿಯ ವಿಷಯವನ್ನು ಬಂದ ಗಂಡುಗಳಿಗೆ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದ ತಂದೆಯ ಮುಖ ಬಿಳಿಚಿಕೊಂಡಿತು. ಇವರು ಕಂಡರು, ಕಂಡದ್ದನ್ನು ತಂದೆಯೂ ಕಂಡರು. ಆಗ ಇವರು, "ಹಜಾರ ಚೆನ್ನಾಗಿದೆ" ಎಂದರು. ಸಕ್ಕರೆ ಯಾಕೆ ಅಷ್ಟು ಅವಸರದಲ್ಲಿ ಬಂತು ಎಂದು ನನಗೆ ಆಗ ಅರ್ಥವಾಯಿತು.

"ಮದುವೆಯಾದ ಮೇಲೆ ಧೈರ್ಯ ಮಾಡಿ ಹೇಳೋಕೆ ಹೊರಟೆ. ಗೊತ್ತು ಅಂದರು. ಮತ್ತೆ ಆ ಮಾತು ನಮ್ಮ ಮನೇಲಿ ಬರಲೇ ಇಲ್ಲ" ಎಂದರು ಅತ್ತಿಗೆ. ಸಾಹೇಬರು ಇದೆಲ್ಲ ತಮಗೆ ಸಂಬಂಧವೇ ಇಲ್ಲವೆಂಬಂತೆ ಗ್ಯಾಲರಿಯಲ್ಲಿ ನಿಂತು, ಪೆಟ್ಟಿಗೆಗಳನ್ನು ಓರೆಯಾಗಿ ಇಳಿಸುತ್ತಿದ್ದ ಆಳುಗಳಿಗೆ ಕೂಗಿ ಬೈಯುತ್ತಿದ್ದರು.

ಅಂಗಡಿ ಚೆನ್ನಾಗಿಯೇ ನಡೆಯಿತು. ಸಾಹೇಬರ ದನಿ ಮತ್ತೆ ಏರಿತು. ಬಿಲ್ಡಿಂಗಿನ ಹೆಂಗಸರು ಅತ್ತಿಗೆಯನ್ನು ಕಂಡರೆ ಬಲಕ್ಕೆ ಬಂದು ಮಾತಾಡಿಸತೊಡಗಿದರು. ಒಬ್ಬರಿಬ್ಬರು ಎರಡೂ ಕಿವಿ ಹೋದವರ ಮುಂದೆ ಕಿರುಚಿದಂತೆ ಕಿರುಚುತ್ತಿದ್ದದ್ದೂ ಉಂಟು. ಆಕೆ ಅದಕ್ಕೂ ನಕ್ಕುಬಿಡುತ್ತಿದ್ದರು. ಮುಚ್ಚಿಡುವ ಭಾರ ಇಳಿದದ್ದರಿಂದಲೋ ಏನೋ, ಆ ಕೆಲವು ವರ್ಷಗಳಲ್ಲಿ ಆಕೆ ಹಿಂದೆಂದಿಗಿಂತ ಗೆಲುವಾಗಿದ್ದರು.

ಕಳೆದ ತಿಂಗಳು ಸಾಹೇಬರು ಅಂಗಡಿಯಲ್ಲಿ ಕೂತಲ್ಲೇ ಎದೆನೋವು ಎಂದರಂತೆ. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಶೆಟ್ಟರು ಮಗುವಿನಂತೆ ಅತ್ತರು. ನನಗೆ ಅಳು ಬರಲಿಲ್ಲ. ಭಾನುವಾರ ಬೆಳಿಗ್ಗೆ ಎದುರು ಬಾಗಿಲು ತೆರೆಯದಿದ್ದಾಗ ಬಂತು.

ವೈಕುಂಠ ಸಮಾರಾಧನೆಯ ದಿನ ಎಲೆ ಹಾಕಲೆಂದು ಹಜಾರದ ಸಾಮಾನೆಲ್ಲ ತೆಗೆಸಿದ್ದರು. ಊಟವಾಗಿ ನೆಂಟರೆಲ್ಲ ಹೊರಟ ಮೇಲೆ ಅತ್ತಿಗೆ ಖಾಲಿ ಕೋಣೆಯ ನಡುವೆ ಬೆತ್ತದ ಕುರ್ಚಿ ಹಾಕಿಕೊಂಡು, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು. ಹೇಳಿ ಹೋಗೋಣವೆಂದು ನಾನು ಒಳಗೆ ಬಂದೆ. ಹೊಸ್ತಿಲು ದಾಟಿದ್ದೇ ತಡ, ನನ್ನ ಕೈಗಳು ನನ್ನನ್ನು ಕೇಳದೆ ಚಪ್ಪಾಳೆ ತಟ್ಟಿದವು. ಎಷ್ಟೋ ಭಾನುವಾರಗಳ ಸಹವಾಸ. ಸಾವಿನ ಮನೆಯಲ್ಲಿ ಎಂಥ ಕೆಲಸ ಮಾಡಿದೆ ಎಂದು ನಾಲಿಗೆ ಕಚ್ಚಿಕೊಂಡೆ.

ಅತ್ತಿಗೆ ಥಟ್ಟನೆ ಬಲಕ್ಕೆ ತಿರುಗಿದರು. ಸಾಹೇಬರು ಸದಾ ಇರುತ್ತಿದ್ದ ಕಡೆಗೆ. ಆ ಒಂದು ಗಳಿಗೆ ಆಕೆಯ ಮುಖದಲ್ಲಿ ಏನಿತ್ತು ಎಂದು ನಾನು ಬರೆಯಲಾರೆ. ಅಲ್ಲಿ ಗೋಡೆಯ ಮೇಲೆ ಆ ಒಂಟಿ ಸ್ಪೀಕರು ಮಾತ್ರ ಇತ್ತು. ಆಮೇಲೆ ನಿಧಾನವಾಗಿ ಕುರ್ಚಿಯಲ್ಲೇ ಹೊರಳಿ, ಎಡಕ್ಕೆ, ಬಾಗಿಲಲ್ಲಿ ನಿಂತ ನನ್ನನ್ನು ನೋಡಿದರು. ಸಿಟ್ಟಾಗಲಿಲ್ಲ.

"ಹೇಗಿದೆ ನಮ್ಮ ಹಜಾರ?" ಎಂದು ಕೇಳಿದರು.

ನಾನು ಗೋಡೆ ಬಳಸಿ ಅವರ ಬಲಕ್ಕೆ ಹೋಗಿ ನೆಲದ ಮೇಲೆ ಕೂತೆ. "ಚೆನ್ನಾಗಿದೆ ಅತ್ತಿಗೆ" ಎಂದೆ.